ಬಾಗಿಲ ಹತ್ತಿರದ ಮೆಷಿನ್ನು

ಬಾಡಿಗೆ ಕುರ್ಚಿಗಳನ್ನು ಒಳಗೆ ಸಾಗಿಸುತ್ತಿದ್ದವನ ಕೈಯಲ್ಲಿದ್ದ ಕುರ್ಚಿಯ ಕಾಲು ಆಫೀಸಿನ ಬಾಗಿಲಿಗೆ ಸಿಕ್ಕಿಕೊಂಡಾಗ ಜೂನಿಯರ್ ವಕೀಲೆ ತನ್ನ ಮೊದಲ ವಾಕ್ಯವನ್ನು ಮತ್ತೊಮ್ಮೆ ಅಳಿಸುತ್ತಿದ್ದಳು. ಆತ ಕುರ್ಚಿಯನ್ನು ಅತ್ತ ಇತ್ತ ತಿರುಗಿಸಿ, ಬಾಗಿಲಿನ ಬಣ್ಣ ಒಂದಿಷ್ಟು ಕೆತ್ತಿ, ಕೊನೆಗೆ ಅವಳತ್ತ ನೋಡಿ, "ಮೇಡಂ, ಆ ಮೇಜು ಸ್ವಲ್ಪ ಹಿಂದಕ್ಕೆ ಸರಿಸ್ತೀರಾ?" ಎಂದ. ಅವಳು ಎದ್ದು ಮೇಜನ್ನು ಎಳೆದಳು. ಎಳೆದ ರಭಸಕ್ಕೆ ಕಂಪ್ಯೂಟರಿನ ತಂತಿ ಕಿತ್ತುಬಂತು. ಅಳಿಸಬೇಕೆಂದಿದ್ದ ವಾಕ್ಯದ ಜೊತೆಗೆ, ಉಳಿಸಿಕೊಳ್ಳಬೇಕೆಂದಿದ್ದ ಎರಡು ವಾಕ್ಯಗಳೂ ಹೋದವು.

"ಹೋಯ್ತಾ?" ಎಂದ ಕುರ್ಚಿಯವನು, ತಪ್ಪು ಮಾಡಿದವನ ಮುಖ ಮಾಡಿ.

"ಹೋಗ್ಲಿ ಬಿಡಿ. ಇದ್ದಿದ್ರೂ ಅಷ್ಟರಲ್ಲೇ ಇತ್ತು."

ಆಫೀಸು ಎಂದರೆ ಹಿರಿಯ ವಕೀಲರ ಮನೆಯ ಮುಂದಿನ ಕೋಣೆ. ಬೀದಿಯಿಂದ ಬಂದವರು ಅದನ್ನು ದಾಟಿಯೇ ಹಾಲ್‌ಗೆ ಹೋಗಬೇಕು. ವಕೀಲರು ಬದುಕಿದ್ದಾಗ ನೆಂಟರಿಗೆ ಇದೊಂದು ದೊಡ್ಡ ಪೀಕಲಾಟ. ಮೇಜಿನ ಹಿಂದೆ ಕೂತ ಅವರು, "ಬನ್ನಿ ಬನ್ನಿ, ಇದೊಂದು ಪ್ಯಾರಾ ಕೇಳಿಸ್ಕೊಂಡು ಒಳಗೆ ಹೋಗಿ" ಎಂದು ಯಾವುದೋ ತೀರ್ಪಿನ ಪುಟ ಓದಿ ಹೇಳದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕೋರ್ಟಿನ ಓಣಿಯಲ್ಲಿ ಅವರಿಗೆ 'ಪಾರಾಯಣದ ವಕೀಲರು' ಎಂದೇ ಹೆಸರು. ಇವತ್ತು ಅವರು ಹಾಲ್‌ನಲ್ಲಿ ಹೂವಿನ ಕೆಳಗೆ ತಣ್ಣಗೆ ಮಲಗಿದ್ದರು. ಅವರನ್ನು ನೋಡಲು ಬಂದವರೆಲ್ಲ ಜೂನಿಯರ್‌ಳ ಮೇಜಿನ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಬಂದವರ ಹೆಸರು ಬರೆದುಕೊಳ್ಳಲು ಇವಳನ್ನು ಕೂರಿಸಿದ್ದಾರೆಂದು ತಿಳಿದ ಕೆಲವರು ತಮ್ಮ ಹೆಸರು ಹೇಳಿ ಮುಂದೆ ಹೋದರು. ಒಬ್ಬರಂತೂ ಇನಿಷಿಯಲ್ ಸಮೇತ ಹೇಳಿ, ಸರಿಯಾಗಿ ಬರೆದಳೋ ಇಲ್ಲವೋ ಎಂದು ಬಗ್ಗಿಯೂ ನೋಡಿದರು.

ಅವಳು ಬರೆಯುತ್ತಿದ್ದದ್ದು ಟೈಲರಮ್ಮನ ಕೇಸಿನ ಲಿಖಿತ ವಾದ. ಅದು ಇವತ್ತು ಸಂಜೆ ಐದರೊಳಗೆ ಕೋರ್ಟಿನ ಕೌಂಟರಿಗೆ ಮುಟ್ಟಬೇಕಿತ್ತು. ಹಿರಿಯರ ಕಾಯಿಲೆಯ ಕಾರಣ ಹೇಳಿ ಆಗಲೇ ಎರಡು ಸಲ ಕಾಲಾವಕಾಶ ಕೇಳಿಯಾಗಿತ್ತು. ನ್ಯಾಯಾಧೀಶರಿಗೆ ವರ್ಗವಾಗಿತ್ತು, ಹೋಗುವ ಮೊದಲು ಈ ಕೇಸನ್ನು ಮುಗಿಸಿಯೇ ಹೋಗುತ್ತೇನೆ, ಕಾಗದ ಬಂದರೆ ಬಂತು, ಬಾರದಿದ್ದರೆ ಇದ್ದದ್ದರ ಮೇಲೆ ತೀರ್ಪು ಎಂದು ಹೇಳಿಬಿಟ್ಟಿದ್ದರು. ಸೋತರೆ ಟೈಲರಮ್ಮ ಅಂಗಡಿ ಬಿಡಬೇಕು. ಹರೆಯದಲ್ಲಿ ಹಿಡಿದ ಅಂಗಡಿ, ಮೆಟ್ಟಿಲ ಕೆಳಗಿನ ಒಂದು ಗೂಡು. ಅದನ್ನು ಬಿಟ್ಟರೆ ಅವರಿಗೆ ಬೇರೆ ಅಂಗಡಿಯೂ ಸಿಗುವುದಿಲ್ಲ, ಗಿರಾಕಿಗಳೂ ಹುಡುಕಿಕೊಂಡು ಬರುವುದಿಲ್ಲ.

"ಈ ವಾದ ನೀನೇ ಬರಿ" ಎಂದು ಹೋದ ವಾರ ಹಿರಿಯರು ಹೇಳಿದ್ದರು. ಬರೆದದ್ದನ್ನು ತಿದ್ದಲು ಅವರಿರುತ್ತಾರೆ ಎಂಬ ಧೈರ್ಯದಲ್ಲಿ ಅವಳು ತಲೆಯಾಡಿಸಿದ್ದಳು. ಮೊನ್ನೆ ರಾತ್ರಿ ಮಲಗಿದವರು ಏಳಲಿಲ್ಲ. ಈಗ ಬರೆಯುವವಳೂ ಅವಳೇ, ತಿದ್ದುವವಳೂ ಅವಳೇ. ಎರಡನೆಯದು ತನ್ನಿಂದ ಆಗದ ಕೆಲಸ ಎಂದು ಅವಳಿಗೆ ಒಳಗೊಳಗೇ ಭಯವಾಗುತ್ತಿತ್ತು.

"ಮೂರಕ್ಕೆ ಹೊರಡ್ತೀವಿ" ಎಂದು ಹಿರಿಯರ ತಮ್ಮ ಹಾಲ್‌ನ ಬಾಗಿಲಲ್ಲಿ ನಿಂತು ಘೋಷಿಸಿದರು. ಅವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಬೆಳಗಿನಿಂದ ಅಣ್ಣನ ಅಂತಿಮಯಾತ್ರೆಯನ್ನು ರೈಲು ಬಿಡುವ ಹಾಗೆಯೇ ನಡೆಸುತ್ತಿದ್ದರು. "ಮೂರು ಅಂದ್ರೆ ಮೂರು. ಮೂರೂ ಐದಕ್ಕೆ ಬಂದು ಗಾಡಿ ಎಲ್ಲಿ ಅಂತ ಕೇಳಿದ್ರೆ ನಾನು ಜವಾಬ್ದಾರನಲ್ಲ."

ಹಾಗೆಂದು, ಅವಳ ಮುಂದೆ ಬಂದು ನಿಂತು, ಗೋಡೆಯುದ್ದಕ್ಕೂ ಇದ್ದ ಕಪಾಟುಗಳತ್ತ ಕೈ ತೋರಿಸಿದರು. "ನೋಡಮ್ಮ, ಇಷ್ಟನ್ನೂ ಓದಿದಾನೆ. ಇಡೀ ಜನ್ಮ ಬೇರೆಯವರು ಬರೆದದ್ದನ್ನೇ ಓದಿದ. ಒಂದು ದೊಡ್ಡ ಕೇಸು ಅಂತ ಗೆಲ್ಲಲಿಲ್ಲ. ಪೇಪರಲ್ಲಿ ಹೆಸರು ಬರಲಿಲ್ಲ. ಏನು ಬಂತು ಹೇಳು?"

ಅವರು ಉತ್ತರಕ್ಕಾಗಿ ಕೇಳಿರಲಿಲ್ಲ. ಕಣ್ಣೊರೆಸಿಕೊಂಡು, ಗಡಿಯಾರ ನೋಡಿಕೊಂಡು ಒಳಗೆ ಹೋದರು.

*

ಆ ಆಫೀಸಿಗೆ ಅವಳು ಸೇರಿದ ದಿನ ಹಿರಿಯರು ಫೈಲು ಕೊಡಲಿಲ್ಲ. ಕಪಾಟಿನಿಂದ ಒಂದು ಸಂಪುಟ ತೆಗೆದು, ಪುಟ ಹುಡುಕಿ, "ಇಲ್ಲಿಂದ ಗಟ್ಟಿಯಾಗಿ ಓದಮ್ಮ" ಎಂದರು. ಎಲ್ಲೋ ಯಾವುದೋ ನದಿಯಲ್ಲಿ ದೋಣಿ ಮುಳುಗಿದ ಹಳೆಯ ಪ್ರಕರಣ. ತೀರ್ಪು ಹೀಗೆ ಶುರುವಾಗಿತ್ತು: ದೋಣಿ ಹತ್ತು ಜನರಿಗಾಗಿ ಕಟ್ಟಿದ್ದು, ಆ ಬೆಳಿಗ್ಗೆ ಅದರಲ್ಲಿ ಹದಿನಾರು ಜನ ಕೂತಿದ್ದರು.

"ನಿಲ್ಲಿಸು" ಎಂದರು ಹಿರಿಯರು. "ಯಾರು ಸೋಲ್ತಾರೆ?"

"ದೋಣಿಯವನು, ಸರ್."

"ಇನ್ನೂ ಕಾನೂನಿನ ಮಾತೇ ಬಂದಿಲ್ಲ. ಸಾಕ್ಷಿ ಬಂದಿಲ್ಲ. ನಿನಗೆ ಹೇಗೆ ಗೊತ್ತಾಯ್ತು?"

ಅವಳು ತೊದಲಿದಳು. ಹಿರಿಯರು ಮಕ್ಕಳಿಗೆ ಮಿಠಾಯಿ ಕೊಟ್ಟವರಂತೆ ಖುಷಿಪಟ್ಟರು. "ಅದೇ. ಈ ತೀರ್ಪು ಬರೆದ ಮಹಾನುಭಾವ ಬಯ್ದೂ ಇಲ್ಲ, ಉಪದೇಶ ಮಾಡಿಯೂ ಇಲ್ಲ. ದೋಣಿ ತೋರಿಸಿದ, ಜನರನ್ನ ಎಣಿಸಿದ. ಉಳಿದದ್ದು ನೀನೇ ಮಾಡ್ಕೊಂಡೆ. ಈಗ ಪುಸ್ತಕ ಮುಚ್ಚು. ಇದನ್ನೇ ನಿನ್ನ ಮಾತಲ್ಲಿ ಬರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಎಲ್ಲಿ ನಿನ್ನದು ಉದ್ದ ಆಯ್ತು, ಯಾಕೆ ಆಯ್ತು ಅಂತ."

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಇದೇ ಕೆಲಸ. ಫೈಲು ಮುಟ್ಟುವ ಮೊದಲು ಒಂದು ಪುಟ ಓದಬೇಕು, ಪುಸ್ತಕ ಮುಚ್ಚಿ ಬರೆಯಬೇಕು, ಹೋಲಿಸಿ ನೋಡಬೇಕು. ಅದು ಗೆದ್ದ ಪಕ್ಷದ್ದೋ ಸೋತ ಪಕ್ಷದ್ದೋ, ಕಾನೂನು ಈಗ ಬದಲಾಗಿದೆಯೋ ಇಲ್ಲವೋ, ಹಿರಿಯರಿಗೆ ಲೆಕ್ಕಕ್ಕಿರಲಿಲ್ಲ. ಬೇರೆ ಆಫೀಸಿನ ಜೂನಿಯರ್‌ಗಳು ಅಷ್ಟು ಹೊತ್ತಿಗೆ ಕೋರ್ಟು ತಲುಪಿ, ಕಾಫಿ ಕುಡಿದು, ಇವಳನ್ನು ನೋಡಿ ನಗುತ್ತಿದ್ದರು.

ಓದಿನ ಅಮಲು ತಲೆಗೇರಿದ್ದು ಕೆಲವು ತಿಂಗಳ ಮೇಲೆ. ಭಾರಿ ಗಾಂಭೀರ್ಯದ ನ್ಯಾಯಮೂರ್ತಿಯೊಬ್ಬರ ತೀರ್ಪುಗಳನ್ನು ಒಂದು ವಾರ ಓದಿದ್ದಳು. ಅದೇ ವಾರ ಒಬ್ಬ ಕಕ್ಷಿದಾರರ ಪರವಾಗಿ ಅವರ ನೆರೆಮನೆಯವರಿಗೆ ನೋಟಿಸ್ ಬರೆಯಬೇಕಾಗಿ ಬಂತು. ವಿಷಯ ಇಷ್ಟೇ: ನೆರೆಮನೆಯ ತಾರಸಿಯ ಪೈಪಿನ ನೀರು ಇವರ ಅಂಗಳಕ್ಕೆ ಬೀಳುತ್ತದೆ. ಜೂನಿಯರ್ ಅದನ್ನು, ಮಾನವನು ಗೋಡೆ ಕಟ್ಟಲು ಕಲಿತ ದಿನದಿಂದ ಸಹಬಾಳ್ವೆಯೆಂಬ ಉದಾತ್ತ ತತ್ವವು ಹೇಗೆ ನಾಗರಿಕತೆಯ ಆಧಾರಸ್ತಂಭವಾಗಿದೆ ಎಂಬಲ್ಲಿಂದ ಎತ್ತಿಕೊಂಡಿದ್ದಳು. ಹಿರಿಯರು ಊರಿನಲ್ಲಿರಲಿಲ್ಲ. ನೋಟಿಸ್ ಹೋಯಿತು.

ನಾಲ್ಕು ದಿನದಲ್ಲಿ ನೆರೆಮನೆಯ ಮುದುಕರು ನೋಟಿಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಫೀಸಿಗೇ ಬಂದರು. ಮುಖ ಬಿಳಿಚಿತ್ತು. "ಸ್ವಾಮಿ, ಮೂರು ಸಲ ಓದಿದೆ. ಮಗಳ ಹತ್ರನೂ ಓದಿಸ್ದೆ. ನನ್ನಿಂದ ಮನುಕುಲಕ್ಕೆ ಏನೋ ಅನ್ಯಾಯ ಆಗಿದೆ ಅನ್ನೋದು ಮಾತ್ರ ತಿಳೀತು. ಏನು ಅಂತ ಹೇಳಿಬಿಡಿ, ಸರಿ ಮಾಡ್ತೀನಿ."

"ನಿಮ್ಮ ಪೈಪಿನ ನೀರು ಪಕ್ಕದ ಅಂಗಳಕ್ಕೆ ಬೀಳ್ತಿದೆಯಂತೆ" ಎಂದರು ಹಿರಿಯರು.

"ಅಷ್ಟೇನಾ?" ಮುದುಕರು ಕುರ್ಚಿಯ ಮೇಲೆ ಕುಸಿದು ಕೂತರು. "ನಾಳೆನೇ ತಿರುಗಿಸ್ತೀನಿ."

ಅವರು ಹೋದ ಮೇಲೆ ಹಿರಿಯರು ಬಯ್ಯಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಒಳಗಿನಿಂದ ಹೆಂಡತಿಯನ್ನು ಕರೆದು ನೋಟಿಸ್ ಓದಿ ಹೇಳಿ ಮತ್ತೊಮ್ಮೆ ನಕ್ಕರು. ಜೂನಿಯರ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ ಅವರು ಹೇಳಿದರು: "ಅವರ ಕಣ್ಣು ತಗೋ ಅಂತ ಓದಿಸಿದ್ರೆ ನೀನು ಅವರ ಕೋಟು ಹಾಕ್ಕೊಂಡು ಬಂದಿದ್ದೀಯಲ್ಲೇ."

*

ಹನ್ನೊಂದರ ಹೊತ್ತಿಗೆ ಎದುರು ವಕೀಲರು ಬಂದರು. ಟೈಲರಮ್ಮನ ಕೇಸಿನಲ್ಲಿ ಅಂಗಡಿ ಮಾಲೀಕನ ಪರ ನಿಂತವರು ಅವರೇ. ಈ ಕೇಸೊಂದರಲ್ಲೇ ಅಲ್ಲ, ಎಷ್ಟೋ ವರ್ಷಗಳಿಂದ ಹಿರಿಯರ ಎದುರಿಗೆ ನಿಲ್ಲುತ್ತ ಬಂದವರು. ದಪ್ಪ ಆಳು, ದಪ್ಪ ದನಿ. ಒಳಗೆ ಹೋಗಿ ಬಹಳ ಹೊತ್ತು ನಿಂತಿದ್ದು, ಹೊರಗೆ ಬಂದು ಜೂನಿಯರ್‌ಳ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತರು. ಕಕ್ಷಿದಾರರು ಕೂರುವ ಕುರ್ಚಿ ಅದು. ಅವರಿಗೆ ಸ್ವಲ್ಪ ಇಕ್ಕಟ್ಟೇ ಆಯಿತು.

"ಅದೇನಾ?" ಎಂದರು, ಕಂಪ್ಯೂಟರಿನ ಹಿಂಬದಿಯನ್ನು ನೋಡುತ್ತ.

"ಹೌದು ಸರ್."

"ಇಂಥಾ ದಿನ. ನನ್ನ ಕೈಲಿದ್ದಿದ್ರೆ ಒಂದು ವಾರ ಬಿಟ್ಟುಕೊಡ್ತಿದ್ದೆ. ಆದ್ರೆ ಆ ಜಡ್ಜ್ ಪುಣ್ಯಾತ್ಮರು ಪೆಟ್ಟಿಗೆ ಕಟ್ಕೊಂಡು ಕೂತಿದ್ದಾರಲ್ಲ." ಕಪಾಟುಗಳತ್ತ ನೋಡಿದರು. "ನಿಮಗೊಂದು ವಿಷಯ ಗೊತ್ತಾ? ನಾನು ಹೊಸದಾಗಿ ಬಂದಾಗ ನಿಮ್ಮ ಸರ್‌ನ ಒಂದು ಕೇಸಲ್ಲಿ ಸೋಲಿಸ್ದೆ. ಮಾರನೇ ದಿನ ನನ್ನ ಮೇಜಿನ ಹತ್ರ ಬಂದ್ರು. ಜಗಳಕ್ಕೆ ಬಂದ್ರು ಅಂದ್ಕೊಂಡೆ. 'ನಿಮ್ಮ ಅರ್ಜಿಯ ಮೂರನೇ ಪುಟ ಬಹಳ ಚೆನ್ನಾಗಿದೆ, ಒಂದು ಪ್ರತಿ ಕೊಡ್ತೀರಾ, ಜೂನಿಯರ್‌ಗಳಿಗೆ ಓದಿಸ್ಬೇಕು' ಅಂದ್ರು."

"ಕೊಟ್ರಾ ಸರ್?"

"ಎಲ್ಲಿ ಕೊಟ್ಟೆ? ಗೇಲಿ ಮಾಡ್ತಿದ್ದಾರೆ ಅಂದ್ಕೊಂಡು ಮುಖ ಗಂಟು ಹಾಕ್ಕೊಂಡು ಹೊರಟುಹೋದೆ. ಮನೆಗೆ ಹೋಗಿ ಮೂರನೇ ಪುಟ ತೆಗೆದು ಓದಿದೆ. ನಿಜವಾಗ್ಲೂ ಚೆನ್ನಾಗಿತ್ತು. ನನಗೇ ಗೊತ್ತಿರಲಿಲ್ಲ." ಅವರು ನಗಲು ಹೋದರು, ನಗು ಅರ್ಧಕ್ಕೇ ನಿಂತಿತು. "ಅಪ್ಪನೂ ನನ್ನ ಹೊಗಳಿದವನಲ್ಲ, ಗುರುಗಳೂ ಹೊಗಳಿದವರಲ್ಲ. ಸೋತವರು ಬಂದು ಹೊಗಳಿದ್ರು ನೋಡಿ."

ಅವರು ಎದ್ದು ಹೋದ ಮೇಲೆ ಜೂನಿಯರ್ ಮೂಗು ಒರೆಸಿಕೊಂಡು ಬರೆಯಲು ಕೂತಳು. ಈ ಸಲ ಕೈ ತಡೆಯಲಿಲ್ಲ. ಹಿರಿಯರ ದನಿ ಕಿವಿಯಲ್ಲೇ ಇದ್ದಂತಿತ್ತು. ಅವರು ವಾಕ್ಯ ಶುರುಮಾಡುತ್ತಿದ್ದ ರೀತಿ, ಮಧ್ಯೆ ಒಂದು ಸಣ್ಣ ತಮಾಷೆ ಇಡುತ್ತಿದ್ದದ್ದು, ಕೊನೆಗೆ ಮೆಲ್ಲಗೆ ಕಾನೂನಿಗೆ ಇಳಿಯುತ್ತಿದ್ದದ್ದು, ಎಲ್ಲವೂ ತಾನಾಗಿ ಬಂತು. ನ್ಯಾಯ ಎಂದರೇನು, ಮನೆಯೊಡೆಯನ ಹಕ್ಕು ಎಲ್ಲಿ ಮುಗಿಯುತ್ತದೆ, ದುಡಿದು ತಿನ್ನುವ ಹೆಂಗಸಿಗೆ ನಾಲ್ಕು ಗೋಡೆಯ ಬೆಲೆ ಏನು. ಅವರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎನ್ನಿಸಿ ಅವಳಿಗೆ ಅಳು ಬಂತು. ಅಳುತ್ತಲೇ ಬರೆದಳು.

ಒಂದು ಗಂಟೆಯ ಸುಮಾರಿಗೆ ಹಿರಿಯರ ಹೆಂಡತಿ ಹಾಲ್‌ನಿಂದ ಎದ್ದು ಬಂದು ಮೇಜಿನ ಪಕ್ಕ ಕೂತರು. ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದ ಹೆಂಗಸು. ಬೆಳಗಿನಿಂದ ಬಂದವರನ್ನು ಅವರೇ ಸಮಾಧಾನ ಮಾಡುತ್ತಿದ್ದರು.

"ಎಲ್ರೂ ನನ್ನ ಕೈ ಹಿಡ್ಕೊಂಡು ಅಳ್ತಾರೆ ಕಣೇ. ನನ್ನ ಕೈ ನನಗೆ ಬೇಕಲ್ಲ" ಎಂದರು. "ಸ್ವಲ್ಪ ಇಲ್ಲಿರ್ತೀನಿ. ಬರೆದಾಯ್ತಾ? ಓದು. ಅವರು ಬರೆದದ್ದನ್ನೆಲ್ಲ ನನಗೆ ಓದಿಯೇ ಕಳಿಸ್ತಿದ್ದದ್ದು. ನಾನು ತರಕಾರಿ ಹೆಚ್ಚೋದು ನಿಲ್ಲಿಸಿದ್ರೆ ಚೆನ್ನಾಗಿದೆ ಅಂತ ಅರ್ಥ. ಹೂಂ ಹೂಂ ಅಂತಿದ್ರೆ ಹರಿದು ಹಾಕೋರು."

ಅಷ್ಟರಲ್ಲಿ ಟೈಲರಮ್ಮನೂ ಬಂದರು. ಒಳಗೆ ಹೋಗಿ ನಮಸ್ಕರಿಸಿ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದವರನ್ನು ಹಿರಿಯರ ಹೆಂಡತಿಯೇ ಕೈ ಹಿಡಿದು ಕೂರಿಸಿಕೊಂಡರು. ಇಂಥ ದಿನ ತನ್ನ ಕೇಸಿನ ಮಾತೆತ್ತುವುದು ಹೇಗೆಂದು ಟೈಲರಮ್ಮನಿಗೆ ಸಂಕೋಚ. ಎತ್ತದೆ ಇರುವುದು ಹೇಗೆಂದು ಭಯ. ಎರಡೂ ಮುಖದಲ್ಲೇ ಕಾಣುತ್ತಿತ್ತು.

ಜೂನಿಯರ್ ಓದಿದಳು. ಚೆನ್ನಾಗಿಯೇ ಓದಿದಳು. ಮುಗಿದಾಗ ಹಿರಿಯರ ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡರು. "ಅವರೇ ಮಾತಾಡ್ದಂಗಿದೆ" ಎಂದರು.

ಟೈಲರಮ್ಮ ಇನ್ನೂ ಪರದೆಯನ್ನೇ ನೋಡುತ್ತಿದ್ದರು.

"ನೀವು ಹೇಳಿ" ಎಂದಳು ಜೂನಿಯರ್.

"ಬಹಳ ಚೆನ್ನಾಗಿದೆ ಮೇಡಂ. ನನಗೂ ಅಳು ಬಂತು." ಟೈಲರಮ್ಮ ಬೆರಳಿಗೆ ಸೆರಗು ಸುತ್ತಿಕೊಂಡರು. "ತಪ್ಪು ತಿಳ್ಕೋಬೇಡಿ. ಇದರಲ್ಲಿ ನನ್ನ ಅಂಗಡಿ ಎಲ್ಲಿದೆ?"

ಹಾಲ್‌ನಲ್ಲಿ ಯಾರೋ ಕುರ್ಚಿ ಎಳೆದುಕೊಂಡ ಸದ್ದಾಯಿತು. ಜೂನಿಯರ್ ಪರದೆಯ ಮೇಲಿನ ತನ್ನ ವಾಕ್ಯಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಅಂಗಡಿ ಇರಲಿಲ್ಲ. ಹಿರಿಯರಿದ್ದರು, ಅವರ ದನಿ ಇತ್ತು, ಅವಳ ದುಃಖ ಇತ್ತು. ಅಂದು ಒಬ್ಬ ನ್ಯಾಯಮೂರ್ತಿಯ ಕೋಟು ಹಾಕಿಕೊಂಡು ಪೈಪಿನ ನೀರನ್ನು ಮರೆತಿದ್ದಳು. ಇಂದು ಹಿರಿಯರ ಕೋಟು ಹಾಕಿಕೊಂಡು ಟೈಲರಮ್ಮನನ್ನೇ ಮರೆತಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆದರೆ ವಿಚಿತ್ರವೆಂದರೆ, ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಸ್ವಲ್ಪ ಇಳಿದಂತೆಯೂ ಆಯಿತು. ತಪ್ಪು ಎಲ್ಲಿದೆ ಎಂದು ಹಿರಿಯರಿಲ್ಲದೆಯೇ ಅವಳಿಗೆ ಕಂಡಿತ್ತು.

"ಇಲ್ಲ ಅಮ್ಮ, ಇದರಲ್ಲಿ ಅಂಗಡಿ ಇಲ್ಲ" ಎಂದು ಎಲ್ಲವನ್ನೂ ಒಟ್ಟಿಗೆ ಅಳಿಸಿದಳು.

ಹಿರಿಯರ ಹೆಂಡತಿ ಗಾಬರಿಯಾಗಿ ಗಡಿಯಾರ ನೋಡಿದರು.

"ಆಗುತ್ತೆ ಅಮ್ಮಾ" ಎಂದಳು ಜೂನಿಯರ್. "ಈಗ ಆಗುತ್ತೆ."

*

ಮಾಲೀಕನ ದೂರು ಸರಳವಾಗಿತ್ತು. ಟೈಲರಮ್ಮ ಅಂಗಡಿಯ ಅರ್ಧ ಭಾಗವನ್ನು ತನ್ನ ನಾದಿನಿಗೆ ಒಳಬಾಡಿಗೆಗೆ ಕೊಟ್ಟಿದ್ದಾರೆ. ಅಲ್ಲಿ ಎರಡು ಹೊಲಿಗೆ ಮೆಷಿನ್ನುಗಳಿವೆ. ಕರಾರಿನ ಪ್ರಕಾರ ಒಳಬಾಡಿಗೆ ಕೊಟ್ಟರೆ ಅಂಗಡಿ ಬಿಡಬೇಕು. ಟೈಲರಮ್ಮ ಹೇಳುವುದೂ ಅಷ್ಟೇ ಸರಳ: ಗಂಡನ ತಂಗಿ, ಗಂಡನ ಮನೆ ಬಿಟ್ಟು ಬಂದವಳು, ನನ್ನ ಜೊತೆ ಕೂತು ಹೊಲಿಯುತ್ತಾಳೆ. ಈ ಎರಡು ಸರಳ ಮಾತುಗಳ ನಡುವೆ ಎರಡೂ ಕಡೆಯ ಕಾಗದಗಳಲ್ಲಿ 'ಸದರಿ ಆವರಣದ ಅನನ್ಯ ಸ್ವಾಧೀನ', 'ಮೇಲ್ಕಾಣಿಸಿದ ಸ್ವತ್ತಿನ ಭಾಗಶಃ ಹಸ್ತಾಂತರ' ಎಂಬಂಥ ಮಾತುಗಳು ಪೇರಿಕೊಂಡು, ಕೊನೆಗೆ ಅಲ್ಲೊಂದು ಅಂಗಡಿಯಿದೆ, ಅದರಲ್ಲಿ ಇಬ್ಬರು ಹೆಂಗಸರು ಕೂತಿದ್ದಾರೆ ಎಂಬುದೇ ಮರೆತುಹೋಗಿತ್ತು. ಆ ಪೇರಿಕೆಯಲ್ಲಿ ಜೂನಿಯರ್‌ಳ ಕೈವಾಡವೂ ಸಾಕಷ್ಟಿತ್ತು.

ಅವಳು ಅಂಗಡಿ ನೋಡಿದ್ದು ಒಂದೇ ಸಲ. ಅದೂ ರಜೆಯ ದಿನ, ಮೆಷಿನ್ನುಗಳಿಗೆ ಬಟ್ಟೆ ಹೊದಿಸಿದ್ದಾಗ. ಈಗ ಕಣ್ಣು ಮುಚ್ಚಿ ಅದನ್ನೇ ನೆನೆಸಿಕೊಂಡಳು. ದೋಣಿ ತೋರಿಸು, ಜನರನ್ನ ಎಣಿಸು. ಬೆರಳುಗಳು ಮೆಲ್ಲಗೆ ಕೆಲಸ ಶುರುಮಾಡಿದವು. ನಾಲ್ಕು ಸಾಲು ಬರೆದು ಓದಿದಳು.

"'ಈ ಅಂಗಡಿ ಮೆಟ್ಟಿಲ ಕೆಳಗಿದೆ. ಎರಡು ಮೆಷಿನ್ನು ಪಕ್ಕಪಕ್ಕ ಇಡುವಷ್ಟು ಅಗಲ ಅದಕ್ಕಿಲ್ಲ. ಆದ್ದರಿಂದ ಒಂದರ ಹಿಂದೆ ಒಂದು ಇಟ್ಟಿದ್ದಾರೆ. ಬಾಗಿಲ ಹತ್ತಿರ ನಾದಿನಿ ಕೂರುತ್ತಾಳೆ, ಒಳಗೆ ಬಾಡಿಗೆದಾರಳು ಕೂರುತ್ತಾಳೆ.'"

"ಅಲ್ಲ" ಎಂದರು ಟೈಲರಮ್ಮ ತಟ್ಟನೆ.

ಇಷ್ಟು ದಿನದಲ್ಲಿ ಈ ಆಫೀಸಿನ ಯಾವ ಕಾಗದಕ್ಕೂ ಅವರು ಅಲ್ಲ ಎಂದಿರಲಿಲ್ಲ. ಎಲ್ಲಿ ಸಹಿ ಮಾಡಲಿ ಎಂದಷ್ಟೇ ಕೇಳುತ್ತಿದ್ದರು.

"ಏನು ಅಲ್ಲ?"

"ಉಲ್ಟಾ ಬರ್ದಿದ್ದೀರಿ ಮೇಡಂ. ಬಾಗಿಲ ಹತ್ರದ ಮೆಷಿನ್ನು ನಂದು. ಬಟ್ಟೆ ಕತ್ತರಿಸೋಳು ನಾನು, ನನಗೆ ಬೆಳಕು ಬೇಕಲ್ಲ. ಗಿರಾಕಿ ಹತ್ರ ಮಾತಾಡೋಳೂ ನಾನೇ. ಅವಳು ಹಿಂದೆ ಗೋಡೆಗೆ ಅಂಟ್ಕೊಂಡು ಕೂರ್ತಾಳೆ. ಅವಳು ಆಚೆ ಹೋಗ್ಬೇಕು ಅಂದ್ರೆ ನಾನು ಎದ್ದು, ಸ್ಟೂಲು ತೆಗೆದು ಬೀದಿಗಿಟ್ಟು, ನಾನೂ ಬೀದಿಗಿಳೀಬೇಕು. ಆಗ ಅವಳು ಬರ್ತಾಳೆ." ಟೈಲರಮ್ಮನಿಗೆ ಈಗ ಸಂಕೋಚ ಬಿಟ್ಟುಹೋಗಿತ್ತು. "ಒಂದ್ಸಲ ನಾವಿಬ್ರೂ ಜಗಳ ಆಡಿದ್ವಿ. ನಾನು ಸಂಜೆ ತನಕ ಏಳಲೇ ಇಲ್ಲ. ಹಿಂದಿನಿಂದ ಅತ್ತಿಗೆ ಅತ್ತಿಗೆ ಅಂತ ಗೋಗರೀತಿದ್ಲು ಪಾಪ. ಗುಂಡಿ ಹಾಕಿ ಮುಗ್ಸು, ಆಮೇಲೆ ಏಳ್ತೀನಿ ಅಂದೆ."

ಹಿರಿಯರ ಹೆಂಡತಿ ನಕ್ಕುಬಿಟ್ಟರು. ಬೆಳಗಿನಿಂದ ಆ ಮನೆಯಲ್ಲಿ ಕೇಳಿಸಿದ ಮೊದಲ ನಗು. ಸ್ಟೇಷನ್ ಮಾಸ್ತರರು ಗಾಬರಿಯಾಗಿ ಹಾಲ್‌ನಿಂದ ಇಣುಕಿದರು. ತಮ್ಮ ಅತ್ತಿಗೆಗೆ ದುಃಖ ತಲೆಗೇರಿತೋ ಎಂದು ಒಂದು ಗಳಿಗೆ ನೋಡಿ, ನೀರು ಕೊಡಲು ಹೇಳಿ ಹೋದರು.

ಜೂನಿಯರ್ ನಗಲಿಲ್ಲ. ಅವಳ ಮೈಯೆಲ್ಲ ಕಿವಿಯಾಗಿತ್ತು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ ನೀವು?"

"ನೀವು ಓದ್ತಿದ್ದಿದ್ದು ನನಗೆಲ್ಲಿ ಅರ್ಥ ಆಗ್ತಿತ್ತು, ತಪ್ಪು ಅನ್ನೋಕೆ? ಆದ್ರೂ ಹೇಳಿದೀನಿ, ಕೋರ್ಟಲ್ಲಿ. ಆ ದಪ್ಪ ಲಾಯರ್ರೇ ಕೇಳಿದ್ರು."

ಜೂನಿಯರ್ ಫೈಲು ಎಳೆದುಕೊಂಡು ಪಾಟೀಸವಾಲಿನ ಹಾಳೆಗಳನ್ನು ಮಗುಚಿದಳು. ನಿಜ. ಎದುರು ವಕೀಲರು ಕೇಳಿದ್ದರು: ಎರಡು ಮೆಷಿನ್ನುಗಳಲ್ಲಿ ನಿಮ್ಮದು ಯಾವುದು? ಉತ್ತರ: ಬಾಗಿಲ ಹತ್ತಿರದ್ದು. ಎರಡು ಮೆಷಿನ್ನಿದೆಯೆಂದು ಟೈಲರಮ್ಮನ ಬಾಯಲ್ಲೇ ಹೇಳಿಸಬೇಕೆಂದು ಕೇಳಿದ ಪ್ರಶ್ನೆ ಅದು. ಹೇಳಿಸಿದ್ದಾಯಿತೆಂದು ಅವರು ಮುಂದಿನ ಪ್ರಶ್ನೆಗೆ ಹೋಗಿದ್ದರು. ಆ ಹೊತ್ತಿಗೆ ಪಕ್ಕದಲ್ಲೇ ನಿಂತಿದ್ದ ಜೂನಿಯರ್‌ಗೂ ಅದು ಕಿವಿಗೆ ಬಿದ್ದಿರಲಿಲ್ಲ. ಕೋರ್ಟು ಕಳಿಸಿದ ಕಮಿಷನರ್ ಅಳತೆ ಮಾಡಿ ಬರೆದ ನಕ್ಷೆಯೂ ಫೈಲಿನಲ್ಲೇ ಇತ್ತು. ಅದರಲ್ಲಿ ಎರಡು ಚೌಕ, ಒಂದರ ಹಿಂದೆ ಒಂದು. ಅಂಗಡಿಗೆ ಬೇರೆ ಬಾಗಿಲಿಲ್ಲ. ಎಲ್ಲವೂ ಕೋರ್ಟಿನ ಮುಂದೆ ಮೊದಲಿನಿಂದಲೂ ಇದ್ದದ್ದೇ. ಯಾರೂ ಅದನ್ನು ಕೂಡಿಸಿ ನೋಡಿರಲಿಲ್ಲ.

ಆಮೇಲೆ ಅವಳು ಬರೆಯುತ್ತ ಹೋದಳು, ಟೈಲರಮ್ಮ ತಿದ್ದುತ್ತ ಹೋದರು. ಅಂಗಡಿಗೆ ಒಂದೇ ಬೀಗ. ಅಲ್ಲ, ಎರಡು, ಆದ್ರೆ ಎರಡೂ ಕೀಲಿ ನನ್ನ ಹತ್ರ. ಗಿರಾಕಿಗೆ ತಾರೀಖು ಹೇಳುವವರು ಯಾರು? ನಾನು. ತಪ್ಪಿದರೆ ಬೈಸಿಕೊಳ್ಳುವವರು? ಅದೂ ನಾನೇ. ಹಿರಿಯರ ಹೆಂಡತಿ ಹೂಂಗುಟ್ಟಲಿಲ್ಲ. ಯಾರೋ ತಂದುಕೊಟ್ಟ ನೀರಿನ ಲೋಟ ಅವರ ಕೈಯಲ್ಲಿ ಹಾಗೆಯೇ ಇತ್ತು.

ಕೊನೆಯ ಪ್ಯಾರಾ ಬರೆಯುವಾಗ ಜೂನಿಯರ್ ಹಿರಿಯರು ಏನೆನ್ನುತ್ತಿದ್ದರು ಎಂದು ಯೋಚಿಸಲಿಲ್ಲ. ಆಮೇಲೆ, ಮುದ್ರಿಸಿದ ಹಾಳೆಗಳನ್ನು ಜೋಡಿಸುವಾಗ, ಯೋಚಿಸಲಿಲ್ಲ ಎಂಬುದು ಹೊಳೆಯಿತು. ಅವಳು ಬರೆದದ್ದು ಇಷ್ಟು: 'ಒಳಬಾಡಿಗೆ ಎಂದರೆ ಜಾಗವನ್ನು ಇನ್ನೊಬ್ಬರ ಕೈಗೆ ಬಿಟ್ಟುಕೊಡುವುದು. ಬಾಡಿಗೆದಾರಳು ಎದ್ದು ದಾರಿ ಬಿಡದಿದ್ದರೆ ನಾದಿನಿ ಒಳಗೂ ಬರಲಾರಳು, ಹೊರಗೂ ಹೋಗಲಾರಳು. ಅವಳ ಕೈಗೆ ಬಂದ ಜಾಗ ಯಾವುದು?'

"ಗಾಡಿ ಬಂತು" ಎಂದು ಸ್ಟೇಷನ್ ಮಾಸ್ತರರು ಕೂಗಿದರು.

ಹಿರಿಯರ ಹೆಂಡತಿ ಎದ್ದರು. ನೀರಿನ ಲೋಟವನ್ನು ಮೇಜಿನ ಮೇಲಿಟ್ಟು, ಜೂನಿಯರ್‌ಳ ಕೆನ್ನೆ ಮುಟ್ಟಿದರು. "ಇದು ಅವರ ಹಾಗಿಲ್ಲ" ಎಂದರು. ಸೆರಗು ಸರಿಮಾಡಿಕೊಳ್ಳುತ್ತ, "ಒಳ್ಳೇದಾಯ್ತು" ಎಂದರು.

*

ಸ್ಮಶಾನದಲ್ಲಿ ಹೆಚ್ಚು ಹೊತ್ತಾಗಲಿಲ್ಲ. ಜನ ಅಂಥ ಬಹಳ ಇರಲಿಲ್ಲ. ಬಂದವರಲ್ಲಿ ಬಹುಪಾಲು ಯಾವುದಾದರೂ ಒಂದು ಪ್ಯಾರಾ ಕೇಳಿಸಿಕೊಂಡವರೇ. ಪೈಪಿನ ಮುದುಕರ ಮಗಳು ಬಂದಿದ್ದಳು. ಕಾಗದದ ಅಂಗಡಿಯವರು ಬಂದಿದ್ದರು. ಜೂನಿಯರ್ ಹಾಳೆಗಳಿದ್ದ ಚೀಲವನ್ನು ಎದೆಗವಚಿಕೊಂಡು ಹಿಂದೆ ನಿಂತಿದ್ದಳು. ಸ್ಟೇಷನ್ ಮಾಸ್ತರರು ಕೊನೆಯವರೆಗೂ ಗಟ್ಟಿಯಾಗಿದ್ದು, ಎಲ್ಲ ಮುಗಿದ ಮೇಲೆ, ಇನ್ನು ಹೇಳಬೇಕಾದ ಸಮಯ ಯಾವುದೂ ಉಳಿದಿಲ್ಲವೆಂದು ತಿಳಿದಾಗ, ಒಂದು ಮರಕ್ಕೆ ಒರಗಿ ಮಗುವಿನಂತೆ ಅತ್ತರು. ಜೂನಿಯರ್‌ಗೂ ಆಗ ತಡೆಯಲಾಗಲಿಲ್ಲ. ಅವರ ಪಕ್ಕ ಹೋಗಿ ನಿಂತು ಮನಸಾರೆ ಅತ್ತಳು.

"ಹೋಗಮ್ಮ, ಹೊತ್ತಾಯ್ತು" ಎಂದರು ಅವರೇ, ಮೂಗು ಸೀಟಿಕೊಂಡು. "ನಾಲ್ಕು ದಾಟಿದೆ."

ಗೇಟಿನ ಹತ್ತಿರ ಎದುರು ವಕೀಲರ ಕಾರು ನಿಂತಿತ್ತು. "ಕೋರ್ಟಿಗೆ ತಾನೇ? ನಾನೂ ಅಲ್ಲಿಗೇ. ಬನ್ನಿ" ಎಂದರು. ಜೊತೆಗಿದ್ದ ಟೈಲರಮ್ಮ ಹಿಂದೆ ಸರಿದರು. ಎದುರು ಪಕ್ಷದ ಕಾರು ಹತ್ತಬಹುದೋ ಬಾರದೋ ಅವರಿಗೆ ಗೊತ್ತಿರಲಿಲ್ಲ. "ಬನ್ನಿ ತಾಯಿ, ಕಾರಿಗೆ ಕೇಸಿಲ್ಲ" ಎಂದರು ಅವರು. ದಾರಿಯುದ್ದಕ್ಕೂ ಕೇಸಿನ ಮಾತು ಬರಲಿಲ್ಲ. ಕಾಲು ನೋವಿಗೆ ಯಾವ ಚಪ್ಪಲಿ ಒಳ್ಳೆಯದೆಂದು ಟೈಲರಮ್ಮನೂ ಅವರೂ ಮಾತಾಡಿಕೊಂಡರು. ಹೊಲಿಗೆಯವರಿಗೂ ಕೋರ್ಟಿನವರಿಗೂ ಆ ನೋವು ಒಂದೇ ಎಂದು ತೀರ್ಮಾನವಾಯಿತು.

ಕೌಂಟರಿನಲ್ಲಿ ಗುಮಾಸ್ತ ಹಾಳೆಗಳನ್ನು ತೂಗಿ ನೋಡುವವನಂತೆ ಎತ್ತಿ ಹಿಡಿದ. "ಇಷ್ಟೇನಾ? ಉಳಿದದ್ದು?"

"ಇಷ್ಟೇ" ಎಂದಳು ಜೂನಿಯರ್.

ಆತ ಮುದ್ರೆ ಒತ್ತಿದ.

ಹೊರಗೆ ಮೆಟ್ಟಿಲ ಮೇಲೆ ಅವಳು ಎದುರು ವಕೀಲರಿಗೆ ಅವರ ಪ್ರತಿ ಕೊಟ್ಟು ಸಹಿ ಹಾಕಿಸಿಕೊಂಡಳು. ಅವರು ದಿನಕ್ಕೆ ಇಂಥ ಹತ್ತು ಪ್ರತಿ ಪಡೆಯುವವರು. ನೋಡದೆ ಸಹಿ ಹಾಕಿ, ನೋಡದೆ ಮಡಿಸಿ ಕಂಕುಳಿಗೆ ಸೇರಿಸಿಕೊಂಡು, "ಹುಷಾರಾಗಿ ಹೋಗಿ" ಎಂದು ಇಳಿದು ಹೋದರು. ಚಾಲಕ ಕಾರಿನ ಬಾಗಿಲು ತೆರೆದ. ಒಂದು ಕಾಲು ಒಳಗಿಡುವಾಗ ಕಾಗದ ಕಂಕುಳಿನಿಂದ ಜಾರಿತು. ಅದನ್ನು ಬಗ್ಗಿ ಎತ್ತಿಕೊಂಡವರು ಹಾಗೇ ಮೊದಲ ಸಾಲಿನ ಮೇಲೆ ಕಣ್ಣಾಡಿಸಿದರು. ಆಮೇಲೆ ಎರಡನೆಯದರ ಮೇಲೆ. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡರು.

ಟೈಲರಮ್ಮ ಜೂನಿಯರ್‌ಳ ತೋಳು ಹಿಡಿದರು. "ನಮ್ಮ ಕಾಗದಾನಾ ಮೇಡಂ ಅದು?"

"ನಮ್ಮದೇ."

ಹಿಂದೆ ಒಂದು ಲಾರಿ ಹಾರ್ನ್ ಹಾಕಿತು. ಅದರ ಹಿಂದೆ ಎರಡು ಆಟೋಗಳು ಸೇರಿಕೊಂಡವು. ಎದುರು ವಕೀಲರು ತಲೆಯೆತ್ತದೆ, ಒಳಗಿಟ್ಟಿದ್ದ ಕಾಲನ್ನು ಹೊರಕ್ಕೆ ತೆಗೆದು, ನೀನು ಹೋಗಿ ಆ ತುದಿಯಲ್ಲಿ ನಿಲ್ಲು ಎಂದು ಚಾಲಕನಿಗೆ ಕೈಸನ್ನೆ ಮಾಡಿದರು. ಕಾರು ಹೋಯಿತು, ಲಾರಿ ಹೋಯಿತು, ಕೋರ್ಟು ಬಿಟ್ಟ ಜನ ಅವರನ್ನು ಬಳಸಿಕೊಂಡು ಎರಡೂ ಕಡೆಯಿಂದ ಹಾದುಹೋದರು. ಅವರು ಬೀದಿಯ ಅಂಚಿನಲ್ಲಿ, ಸಂಜೆಯ ಬೆಳಕಿಗೆ ಹಾಳೆಯನ್ನು ಸ್ವಲ್ಪ ಓರೆಯಾಗಿ ಹಿಡಿದು, ಒಬ್ಬರೇ ನಿಂತು, ಎರಡನೇ ಪುಟ ತಿರುವಿದರು.